ಮುಖ ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಯಾಕೆ?

ಮಿದುಳಿಗೆ ಗುರುತಿಸುವ ಕೆಲಸ ಬೇರೆ, ಹೆಸರು ಹುಡುಕಿ ತರುವ ಕೆಲಸ ಬೇರೆ. ಅದಕ್ಕೇ ಹೀಗಾಗುತ್ತದೆ.

ನಾವು ಬಾಗಲಕೋಟೆ ಕಡೆಯವರು. ನಮ್ಮ ಕಾಕಾನಿಗೆ ಲಕ್ವಾ ಹೊಡೆದ ಮೇಲೂ ಕುಂಟಿ, ಕೂರಿಗೆ, ಕುಡುಗೋಲು ತೋರಿಸಿದರೆ ತಟ್ಟನೆ ಹೆಸರು ಹೇಳುತ್ತಿದ್ದರು. ಮಗಳು ಎದುರು ಬಂದರೆ ಕಣ್ಣು ಅರಳುತ್ತಿತ್ತು. "ನನ್ನ ಸಣ್ಣ ಮಗಳು, ಜಮಖಂಡಿಗೆ ಕೊಟ್ಟೀವಿ" ಎನ್ನುತ್ತಿದ್ದರು. ಹೆಸರು ಮಾತ್ರ ಬರುತ್ತಿರಲಿಲ್ಲ. ಮನೆಯವರು ಮರೆವಿನ ರೋಗ ಅಂದುಕೊಂಡು ಅತ್ತರು. ಆದರೆ ಮಗಳು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅಲ್ವಾ?

1996ರಲ್ಲಿ ನರವಿಜ್ಞಾನಿ ಹನ್ನಾ ಡಮಾಸಿಯೊ ಮತ್ತು ಸಂಗಡಿಗರು ಮಿದುಳಿಗೆ ಪೆಟ್ಟಾದವರನ್ನು ಪರೀಕ್ಷಿಸಿ ಇಂಥದ್ದನ್ನೇ ತೋರಿಸಿದರು. ಎಡಗಿವಿಯ ಹತ್ತಿರ ಒಳಗಿರುವ ಟೆಂಪೊರಲ್ ಭಾಗದ ಮುಂತುದಿಗೆ ಏಟಾದರೆ ಜನರ ಹೆಸರು ಸಿಗುವುದು ಕಷ್ಟ. ಅದೇ ಭಾಗದ ಕೆಳಗೆ, ನಡುವೆ ಆದರೆ ಪ್ರಾಣಿಗಳ ಹೆಸರು. ಇನ್ನೂ ಹಿಂದೆ ಆದರೆ ಸಲಕರಣೆಗಳ ಹೆಸರು. ಹಾಗಂತ ಅಲ್ಲಿ ಹೆಸರುಗಳನ್ನು ಡಬ್ಬಿಯಲ್ಲಿ ತುಂಬಿಟ್ಟಿದೆ ಎಂದಲ್ಲ. ಗೊತ್ತಿರುವ ಸಂಗತಿಗೆ ಶಬ್ದವನ್ನು ಜೋಡಿಸಿಕೊಡುವ ಜಾಗಗಳು ಅವು.

ಆರೋಗ್ಯವಾಗಿರುವವರಿಗೂ ಜನರ ಹೆಸರೇ ಜಾಸ್ತಿ ತಪ್ಪುತ್ತದೆ. ಎಮ್ಮೆ ಎಂದರೆ ಹಾಲು, ಕೊಂಬು, ಕೊಟ್ಟಿಗೆ ಎಲ್ಲ ಆ ಪದಕ್ಕೆ ಅಂಟಿಕೊಂಡಿರುತ್ತವೆ. 'ಬಸವರಾಜ' ಎಂಬ ಹೆಸರು ಆ ಮನುಷ್ಯನ ಬಗ್ಗೆ ಏನೂ ಹೇಳುವುದಿಲ್ಲ. ಇರುವುದು ಒಂದೇ ಎಳೆ, ಜಾರಿದರೆ ಮುಗಿಯಿತು. ವಯಸ್ಸಾದಂತೆ ಇದು ಹೆಚ್ಚುವುದು ಸಹಜ, ಸುಮ್ನೆ ಹೆದರಬೇಡಿ. ಆದರೆ ಮಾತು ಇದ್ದಕ್ಕಿದ್ದಂತೆ ತಡವರಿಸಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.