ಇಸ್ಲಾಮಿಕ್ ಕಾನೂನಿನ ಸೂತ್ರಗಳನ್ನಷ್ಟೇ ಓದಿದರೆ ಸಾಲದೇ, ಶರಹ್‌ಗಳೂ (ವ್ಯಾಖ್ಯಾನ ಗ್ರಂಥಗಳೂ) ಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಫಿಕ್ಹ್‌ನ, ಅಂದರೆ ಇಸ್ಲಾಮಿಕ್ ಕಾನೂನು ಶಾಸ್ತ್ರದ, ಐದು ಮೂಲಸೂತ್ರ ಬಾಯಿಪಾಠವಾಗಿದೆ, ಒಟ್ಟೋಮನ್ನರ ಸಿವಿಲ್ ಕಾನೂನು ಸಂಹಿತೆ ‘ಮಜಲ್ಲಾ’ದ 99 ಸೂತ್ರಗಳನ್ನೂ ಓದಿದ್ದೀರಿ. ಇಷ್ಟಾದ ಮೇಲೂ ಆ ದಪ್ಪ ದಪ್ಪ ಶರಹ್‌ಗಳಿಗೆ ಕೈ ಹಾಕಬೇಕಾ?

ಹಾಕಬೇಕು. ನಾನು ಮೌಲವಿಯಲ್ಲ, ವಕೀಲ. ಸೂತ್ರ ನೆಚ್ಚಿಕೊಂಡು ಎಡವಿದವನು ಅನ್ನುವುದಷ್ಟೇ ನನ್ನ ಅರ್ಹತೆ.

ಗೊತ್ತಿಲ್ಲದವರಿಗೆ ಆ ಐದನ್ನೂ ಒಂದೇ ಉಸಿರಲ್ಲಿ ಹೇಳಿಬಿಡ್ತೀನಿ: ಕೃತ್ಯವನ್ನು ಉದ್ದೇಶದಿಂದ ಅಳೆಯಬೇಕು, ಸಂಶಯದಿಂದ ಖಾತ್ರಿ ಅಳಿಯದು, ಕಷ್ಟವಿದ್ದಲ್ಲಿ ಸಡಿಲಿಕೆ, ಹಾನಿಯನ್ನು ನಿವಾರಿಸಬೇಕು, ರೂಢಿಗೂ ತೀರ್ಪಿನ ಬಲವಿದೆ.

ಎರಡನೆಯದನ್ನೇ ತಗೊಳ್ಳಿ. ವುಝೂ (ನಮಾಝ್‌ಗೆ ಮುಂಚಿನ ಅಂಗಶುದ್ಧಿ) ಮಾಡಿದ್ದು ಖಾತ್ರಿ. ಆಮೇಲೆ ಹೊಟ್ಟೆಯಲ್ಲಿ ಏನೋ ಗುಡುಗುಡು ಅಂತು, ವುಝೂ ಮುರಿಯಿತೋ ಇಲ್ಲವೋ ಅನುಮಾನ. ಸದ್ದು ಕೇಳುವ ತನಕ ಅಥವಾ ವಾಸನೆ ಬರುವ ತನಕ ಮಸೀದಿ ಬಿಟ್ಟು ಹೊರಡಬೇಡಿ ಅನ್ನುತ್ತದೆ ಹದೀಸ್, ಅಂದರೆ ಪ್ರವಾದಿಯವರ ವಚನ. ಸುನ್ನಿ ಕಾನೂನು ಪಂಥಗಳಲ್ಲಿ ಹನಫಿಗಳೂ ಶಾಫಿಗಳೂ ‘ವುಝೂ ಇದೆ, ನಮಾಝ್ ಮಾಡಿ’ ಅನ್ನುತ್ತಾರೆ. ಮಾಲಿಕಿಗಳು ಮಾತ್ರ ‘ಮತ್ತೆ ವುಝೂ ಮಾಡಿ’ ಅನ್ನುತ್ತಾರೆ. ಸೂತ್ರ ಒಪ್ಪದೆ ಅಲ್ಲ, ಅದನ್ನೇ ಹಿಡಿದು! 1285ರಲ್ಲಿ ತೀರಿಕೊಂಡ ಮಾಲಿಕಿ ವಿದ್ವಾಂಸ ಖರಾಫಿಯ ವಾದ ನೋಡಿ: ನಮಾಝ್ ನಿಮ್ಮ ತಲೆಯ ಮೇಲಿನ ಖಾತ್ರಿಯಾದ ಸಾಲ. ಅನುಮಾನದ ವುಝೂವಿನಿಂದ ಖಾತ್ರಿ ಸಾಲ ತೀರೀತೇ? ಯಾವುದು ‘ಖಾತ್ರಿ’ ಅಂತ ಸೂತ್ರ ಹೇಳುವುದಿಲ್ಲ. ಜಗಳವೆಲ್ಲ ಅಲ್ಲೇ.

ಇನ್ನು ನಾನು ಎಡವಿದ ಕಥೆ. ಜೂನಿಯರ್ ಆಗಿದ್ದಾಗ ಒಬ್ಬ ಹೆಣ್ಣುಮಗಳು ಬಂದಿದ್ದಳು, ಗಂಡ ಕಾಣೆಯಾಗಿ ಐದು ವರ್ಷ. ನಾನು ಆಗಷ್ಟೇ ಓದಿದ ಬಿಸಿಯಲ್ಲಿದ್ದೆ. ಗಂಡ ಬದುಕಿದ್ದದ್ದು ಖಾತ್ರಿ, ಸತ್ತಿದ್ದು ಸಂಶಯ, ಹಾಗಾಗಿ ಮದುವೆ ಉಳಿದೇ ಇದೆ ಅಂತ ಸೀನಿಯರ್ ಎದುರು ಭಾಷಣ ಬಿಗಿದೆ. ಅವರು ಮಾತಾಡದೆ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯ ತೆಳುಪುಸ್ತಕ ನನ್ನತ್ತ ತಳ್ಳಿದರು. ಗಂಡನ ಸುಳಿವು ನಾಲ್ಕು ವರ್ಷ ಇಲ್ಲದಿದ್ದರೆ ಹೆಂಡತಿ ಡಿಕ್ರಿ ಪಡೆಯಬಹುದು. ಆರು ತಿಂಗಳ ನಂತರ ಅದು ಜಾರಿಗೆ ಬರುತ್ತದೆ.

ಈ ನಾಲ್ಕು ವರ್ಷ ಬಂದದ್ದು ಮಾಲಿಕಿ ಪಂಥದಿಂದ. ಹಳೆಯ ಹನಫಿ ಮತದಲ್ಲಿ ಗಂಡನ ಓರಗೆಯವರೆಲ್ಲ ಸಾಯುವ ತನಕ, ಒಂದು ಅಭಿಪ್ರಾಯದಂತೆ ಅವನಿಗೆ 90 ತುಂಬುವ ತನಕ, ಹೆಂಡತಿ ಕಾಯಬೇಕಿತ್ತು. 1930ರ ದಶಕದಲ್ಲಿ ಅಶ್ರಫ್ ಅಲಿ ಥಾನವಿಯಂಥ ಕಟ್ಟಾ ಹನಫಿ ವಿದ್ವಾಂಸರೇ ಈ ವಿಷಯದಲ್ಲಿ ಮಾಲಿಕಿ ಮತ ಹಿಡಿಯಬಹುದು ಅಂದರು. ಎರಡನೆಯ ಸೂತ್ರ ಒಂದು ಕಡೆ ಎಳೆದರೆ ಮೂರನೆಯದು (ಕಷ್ಟವಿದ್ದಲ್ಲಿ ಸಡಿಲಿಕೆ) ಇನ್ನೊಂದು ಕಡೆ ಎಳೆಯಿತು.

ಕಾಣೆಯಾದವನ ಆಸ್ತಿಯ ವಿಚಾರ ಇನ್ನೂ ಸ್ವಾರಸ್ಯ. ಹನಫಿ ಗ್ರಂಥಗಳಲ್ಲಿ ಅವನ ಸ್ವಂತ ಆಸ್ತಿಗೆ ಅವನು ಬದುಕಿದ್ದಾನೆ, ಯಾರೂ ಹಂಚಿಕೊಳ್ಳುವಂತಿಲ್ಲ. ಆದರೆ ಈ ನಡುವೆ ಅವನ ಅಪ್ಪ ತೀರಿಕೊಂಡರೆ ಅವನ ಪಾಲನ್ನು ಎತ್ತಿಡುತ್ತಾರೆಯೇ ಹೊರತು ಅವನಿಗೆ ಬಂತು ಅನ್ನುವುದಿಲ್ಲ. ಹಳೆಯ ಖಾತ್ರಿ ಇದ್ದದ್ದನ್ನು ಕಾಯಲು ಸಾಕು, ಹೊಸ ಹಕ್ಕು ಹುಟ್ಟಿಸಲು ಸಾಲದು. ಸೂತ್ರದ ನಾಲ್ಕು ಅರಬಿ ಪದದಲ್ಲಿ ಇದನ್ನು ಎಲ್ಲಿ ಹುಡುಕ್ತೀರಿ?

1869ರಿಂದ 1876ರವರೆಗೆ ಸಿದ್ಧವಾದ ಮಜಲ್ಲಾದವರಿಗೂ ಈ ಅಪಾಯ ಗೊತ್ತಿತ್ತು. ಸ್ಪಷ್ಟ ಆಧಾರ ಸಿಗದೆ ಬರೀ ಈ ಸೂತ್ರಗಳ ಮೇಲೆ ನ್ಯಾಯಾಧೀಶರು ತೀರ್ಪು ಕೊಡುವಂತಿಲ್ಲ ಅಂತ ಆರಂಭದಲ್ಲೇ ಬರೆದಿಟ್ಟರು. ಅದಕ್ಕೆ ಶರಹ್ ಬರೆದವರಲ್ಲಿ ಲೆಬನಾನಿನ ಕ್ರೈಸ್ತ ವಕೀಲ ಸಲೀಂ ರುಸ್ತುಂ ಬಾಝ್ ಕೂಡ ಒಬ್ಬರು. ನನ್ನಂಥ ಕೋರ್ಟಿನ ಮನುಷ್ಯರಿಗೆ ಇದೊಂದು ಸಮಾಧಾನ.

ಯಾವುದರಿಂದ ಶುರು ಮಾಡೋದು? ಅಲೆಪ್ಪೊದ ಅಹ್ಮದ್ ಝರ್ಖಾ ಅವರ ಶರಹ್ ಮೊದಲ ಓದಿಗೆ ಹಗುರ, ಮಜಲ್ಲಾ ಗೊತ್ತಿದ್ದರಂತೂ ಸಲೀಸು. ಆಮೇಲೆ ಸೂತ್ರಗಳನ್ನು ಬಿಡಿಸಿ ಹೇಳುವ ‘ಅಲ್-ಅಶ್ಬಾಹ್ ವನ್ನಝಾಇರ್’. ಒಂದೇ ಹೆಸರಿನ ಎರಡು ಪುಸ್ತಕಗಳಿವೆ, ಗೊಂದಲ ಬೇಡ: 1505ರಲ್ಲಿ ತೀರಿದ ಸುಯೂತಿಯದು ಶಾಫಿ, 1563ರಲ್ಲಿ ತೀರಿದ ಇಬ್ನ್ ನುಜೈಮ್ ಅವರದು ಹನಫಿ. ನೀವು ಭಟ್ಕಳ, ಮಂಗಳೂರಿನ ಕಡೆಯವರಾದರೆ ಮೊದಲನೆಯದು ಹತ್ತಿರವಾದೀತು. ಎರಡನೆಯದನ್ನು ಹಮವಿಯ ಶರಹ್ ಜೊತೆಗಿಟ್ಟುಕೊಂಡೇ ಓದಿ.

ಓದುವಾಗ ಅಪವಾದಗಳನ್ನು ಹಾರಿಸಬೇಡಿ. ಈ ಎರಡನೇ ಸೂತ್ರಕ್ಕೇ ಶಾಫಿ ಪಂಡಿತ ಇಬ್ನುಲ್ ಖಾಸ್ ಹನ್ನೊಂದು ಅಪವಾದ ಕೊಟ್ಟಿದ್ದಾರೆ. ಚರ್ಮದ ಕಾಲುಚೀಲದ ಮೇಲೆ ಒದ್ದೆ ಕೈ ಸವರುವ ಅನುಮತಿಯ ಅವಧಿ ಮುಗಿಯಿತೋ ಇಲ್ಲವೋ ಅಂತ ಸಂಶಯ ಬಂದರೆ ಮುಗಿಯಿತೆಂದೇ ಲೆಕ್ಕ. ಇದು ಅಪವಾದವೇ ಅಲ್ಲ, ಕಾಲು ತೊಳೆಯುವುದೇ ಮೂಲ ನಿಯಮ, ಸವರುವುದು ಬರೀ ರಿಯಾಯಿತಿ ಅಂತ ಮುಂದಿನವರು ತಕರಾರು ಎತ್ತಿದರು. ಆ ತಕರಾರಿನ ಪುಟಗಳಿಂದಲೇ ಶುರು ಮಾಡಿ ನೋಡಿ.