ಸಂಪಾದಕರ ಉತ್ತರ: ಕರಡಿಯ ಕಾಡಿಗೆ ಪಿಸ್ತೂಲು ಯಾಕೆ?

ಪತ್ರ: ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ವಿರಾಜಪೇಟೆ ಕಡೆಯವನು, ಕೆಲಸ ಸಿಯಾಟಲ್‌ನಲ್ಲಿ, ಎಚ್-1ಬಿ ವೀಸಾ. ಅಕ್ಟೋಬರ್ ಕೊನೆಗೆ ಆಫೀಸಿನ ಗೆಳೆಯರ ಜೊತೆ ಮೊಂಟಾನಾಕ್ಕೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಟಿದ್ದೇನೆ. ಅದು ಗ್ರಿಜ್ಲಿ ಎಂಬ ಕಂದು ಕರಡಿಗಳಿರುವ ಕಾಡು. ರೈಫಲ್ ಹೇಗೂ ಇರುತ್ತದೆ, ಆದರೂ ರಕ್ಷಣೆಗೆ ಸೊಂಟದಲ್ಲಿ ಒಂದು 10 ಎಂಎಂ ಪಿಸ್ತೂಲು ಇರಲಿ, ಕರಡಿಗೆ ಹೊಡೆಯುವ ಖಾರದ ಸ್ಪ್ರೇ ಗಿಪ್ರೇ ನಂಬಬೇಡ ಅನ್ನುತ್ತಾರೆ ಗೆಳೆಯರು. ಕೋವಿ ಪೂಜೆ ಮಾಡುವ ಮನೆಯಲ್ಲಿ ಹುಟ್ಟಿದ ನನಗೂ ಖಾರದ ಡಬ್ಬಿ ಸಿಕ್ಕಿಸಿಕೊಂಡು ಹೋಗಲು ನಾಚಿಕೆಯಾಗುತ್ತದೆ. ತಮ್ಮ ಅಭಿಪ್ರಾಯ ತಿಳಿಸಿ. (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಪಿಸ್ತೂಲಲ್ಲ, ಆ ‘ನಾಚಿಕೆ’. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾನೂನಿನ ಮಾತು. ಇದನ್ನು ನಿಮ್ಮ ಗೆಳೆಯರು ಹೇಳಿರಲಾರರು, ಅವರಿಗೆ ಇದರ ಅಗತ್ಯವೇ ಬಿದ್ದಿರುವುದಿಲ್ಲ. ಎಚ್-1ಬಿಯಂಥ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲೀ ಒಂದೇ ಒಂದು ತೋಟಾವನ್ನಾಗಲೀ ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ ಪ್ರಕಾರ ಅಪರಾಧ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿಯುಂಟು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಹಾಗಾಗಿ ಲೈಸೆನ್ಸ್ ಕೈಗೆ ಬರುವ ತನಕ ಗೆಳೆಯರ ಬಂದೂಕನ್ನು ‘ಸುಮ್ಮನೆ ನೋಡೋಣ’ ಎಂದು ಮನೆಯಲ್ಲಿ ಇಟ್ಟುಕೊಳ್ಳುವುದೂ ಬೇಡ. ಕರಡಿಗಿಂತ ಮೊದಲು ವೀಸಾ ಹೋದೀತು.

ಈಗ ಪಿಸ್ತೂಲಿನ ಪರವಾಗಿ ಹೇಳಬಹುದಾದ್ದನ್ನು ಹೇಳಿಬಿಡುತ್ತೇನೆ. 2016ರಲ್ಲಿ ಅಲಾಸ್ಕಾದ ಒಬ್ಬ ಅನುಭವಿ ಗೈಡ್, ಮೀನು ಹಿಡಿಯಲು ಬಂದ ಅತಿಥಿಗಳ ಮೇಲೆ ನುಗ್ಗಿದ ಕಂದು ಕರಡಿಯನ್ನು ಬರೀ 9 ಎಂಎಂ ಪಿಸ್ತೂಲಿನಿಂದ ಕೆಡವಿ ಅವರನ್ನು ಉಳಿಸಿದ. ಅಲಾಸ್ಕಾದಲ್ಲಿ 1883ರಿಂದ 2009ರವರೆಗೆ ಕರಡಿಯೆದುರು ಬಂದೂಕು ಇದ್ದ 269 ಘಟನೆಗಳನ್ನು ವಿಜ್ಞಾನಿಗಳಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೋ ಮತ್ತು ಜೊತೆಗಾರರು ಜಾಲಾಡಿ 2012ರಲ್ಲಿ ಪ್ರಕಟಿಸಿದರು. ಕೈಬಂದೂಕು ಬಳಸಿದ ಪ್ರಸಂಗಗಳಲ್ಲಿ ಶೇ. 84ರಷ್ಟು ಯಶಸ್ವಿಯಾಗಿದ್ದವು. ರೈಫಲ್‌ನಂಥ ಉದ್ದ ಬಂದೂಕಿನದು ಶೇ. 76. ಎಲ್ಕನ್ನು ಕೊಯ್ಯುವಾಗ ರೈಫಲ್ ಮರಕ್ಕೊರಗಿರುತ್ತದೆ, ಪಿಸ್ತೂಲು ಸೊಂಟದಲ್ಲೇ ಇರುತ್ತದೆ ಎನ್ನುವ ವಾದವೂ ಸುಳ್ಳಲ್ಲ. ಇಷ್ಟು ಸರಿ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಬಂದೂಕಿದ್ದು ಹಾರಿಸಿದವರಿಗೂ ಬಂದೂಕಿದ್ದೂ ಹಾರಿಸದವರಿಗೂ ಗಾಯವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂದೂಕಿನಲ್ಲಿ ಚೆನ್ನಾಗಿ ಪಳಗಿದವರು ಮಾತ್ರ ಅದನ್ನು ನೆಚ್ಚಬೇಕು ಎಂಬುದು ಅವರ ತೀರ್ಮಾನ. ಇದೇ ವಿಜ್ಞಾನಿಗಳು 2008ರಲ್ಲಿ ಸ್ಪ್ರೇ ಕುರಿತು ಬರೆದದ್ದನ್ನೂ ಪಕ್ಕದಲ್ಲಿಟ್ಟು ಓದಿ. 1985ರಿಂದ 2006ರವರೆಗಿನ 83 ಘಟನೆಗಳು. ಕಂದು ಕರಡಿಗಳಲ್ಲಿ ಶೇ. 92, ಕಪ್ಪು ಕರಡಿಗಳಲ್ಲಿ ಶೇ. 90 ಸಲ ಸ್ಪ್ರೇ ಬಿದ್ದೊಡನೆ ಉಪಟಳ ನಿಂತಿದೆ. ಸ್ಪ್ರೇ ಹಿಡಿದಿದ್ದವರಲ್ಲಿ ಶೇ. 98 ಜನರಿಗೆ ಗಾಯವೇ ಇಲ್ಲ. ಮೂವರಿಗೆ ಪೆಟ್ಟಾಯಿತು, ಅದೂ ಸಣ್ಣಪುಟ್ಟದ್ದು. ಗಾಳಿ ಅಡ್ಡಿ ಮಾಡಿದ ಪ್ರಸಂಗಗಳಿದ್ದರೂ ಸ್ಪ್ರೇ ಕರಡಿಯನ್ನು ಮುಟ್ಟದೇ ಹೋದದ್ದಿಲ್ಲ. ಎರಡು ಅಧ್ಯಯನಗಳ ಲೆಕ್ಕವನ್ನು ತಕ್ಕಡಿಗೆ ಹಾಕಿದಂತೆ ತೂಗಲಾಗದು, ಘಟನೆಗಳ ಸ್ವರೂಪ ಬೇರೆ ಬೇರೆ. ಆದರೂ ನನ್ನ ಮನಸ್ಸು ಯಾವ ಕಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಗ್ರಿಜ್ಲಿ ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮೂವತ್ತು ಮೀಟರ್ ದೂರದ ಪೊದೆಯಿಂದ ಎದ್ದು ಬಂದರೆ ನಿಮಗೆ ಸಿಗುವುದು ಎರಡು ಸೆಕೆಂಡ್. ಅಷ್ಟರಲ್ಲಿ ಜಾಕೆಟ್ ಸರಿಸಿ, ಪಿಸ್ತೂಲು ಎಳೆದು, ತಲೆ ತಗ್ಗಿಸಿ ಕುಪ್ಪಳಿಸುತ್ತ ಬರುವ ಪ್ರಾಣಿಯ ಮಿದುಳಿಗೋ ಬೆನ್ನುಮೂಳೆಗೋ ಗುರಿಯಿಡಬೇಕು. ಕೊಡಗಿನ ಕರಿಕೆಯ ಕಡೆಯ ಒಬ್ಬ ಹಿರಿಯ ಈಡುಗಾರರು ನನಗೆ ಬಹಳ ಹಿಂದೆ ಹೇಳಿದ್ದರು: ‘ನಿಂತ ಹಂದಿಗೆ ಎಲ್ಲರೂ ಈಡು ಹೊಡೀತಾರೆ, ಮೈಮೇಲೆ ಬರೋ ಹಂದಿಗೆ ಹೊಡೆದವನು ನಮ್ಮೂರಲ್ಲಿ ಒಬ್ಬನೇ, ಅವನೂ ಕುಂಟ್ತಾನೆ.’ ಅದು ಕೋವಿಯ ಮಾತು. ಕೈಬಂದೂಕಿನ ನಳಿಗೆ ಗೇಣುದ್ದ, ಒದೆತ ಜೋರು.

1805ರ ಮೇ 14ರಂದು ಇದೇ ಮೊಂಟಾನಾದಲ್ಲಿ, ಮಿಸೌರಿ ನದಿಯ ದಡದಲ್ಲಿ ಅಮೆರಿಕದ ಪಶ್ಚಿಮವನ್ನು ಅನ್ವೇಷಿಸಲು ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಆರು ಜನ ಪಳಗಿದ ಬೇಟೆಗಾರರು ಮಲಗಿದ್ದ ಕರಡಿಯ ಹತ್ತಿರ ನಲವತ್ತು ಹೆಜ್ಜೆ ದೂರಕ್ಕೆ ಹೋದರು. ನಾಲ್ವರು ಒಟ್ಟಿಗೇ ಗುಂಡು ಹಾರಿಸಿದರು, ಕರಡಿ ಎದ್ದು ನುಗ್ಗಿತು. ಗುಂಡು ಉಳಿಸಿಕೊಂಡಿದ್ದ ಇನ್ನಿಬ್ಬರೂ ಹಾರಿಸಿದರು. ಅದು ಬಿಡಲಿಲ್ಲ. ಇಬ್ಬರು ಬಂದೂಕು ಬಿಸಾಕಿ ಇಪ್ಪತ್ತು ಅಡಿ ಎತ್ತರದ ದಡದಿಂದ ನದಿಗೆ ಹಾರಿದರೆ ಕರಡಿಯೂ ಹಿಂದೆಯೇ ಹಾರಿತು. ಕೊನೆಗೆ ದಡದಲ್ಲಿದ್ದವನೊಬ್ಬ ತಲೆಗೆ ಹೊಡೆದು ಕೊಂದ. ಸುಲಿದು ನೋಡಿದಾಗ ಎಂಟು ಗುಂಡು ಮೈಯನ್ನು ಹಾದುಹೋಗಿದ್ದವು. ಅಂದಿನ ಮದ್ದು ಬೇರೆ, ಇಂದಿನದು ಬೇರೆ, ಒಪ್ಪುತ್ತೇನೆ. ಕರಡಿ ಮಾತ್ರ ಅದೇ.

ಬೇಟೆಗಾರನ ಕಷ್ಟ ಇನ್ನೂ ಒಂದಿದೆ, ನಿಮ್ಮ ಗೆಳೆಯರ ಚರ್ಚೆಯಲ್ಲಿ ಅದು ಬಂದಂತಿಲ್ಲ. ಕರಡಿ ಕಾಡಿನಲ್ಲಿ ಏನು ಮಾಡಬಾರದೆಂದು ಅರಣ್ಯ ಇಲಾಖೆಯವರು ಬೋರ್ಡ್ ಹಾಕುತ್ತಾರೋ ಅದನ್ನೆಲ್ಲ ಬೇಟೆಗಾರ ಮಾಡುತ್ತಾನೆ. ಸದ್ದಿಲ್ಲದೆ ನಡೆಯುತ್ತಾನೆ. ಗಾಳಿಗೆ ಎದುರಾಗಿ ಹೋಗುತ್ತಾನೆ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಪೊದೆಗಳಲ್ಲಿರುತ್ತಾನೆ. ಆಮೇಲೆ ಒಂದು ದೊಡ್ಡ ಪ್ರಾಣಿಯ ಹೊಟ್ಟೆ ಬಗೆದು ಕಾಡಿಗೆಲ್ಲ ರಕ್ತದ ವಾಸನೆ ಹಬ್ಬಿಸುತ್ತಾನೆ. ಚಳಿನಿದ್ದೆಗೆ ಮುಂಚಿನ ಆ ತಿಂಗಳುಗಳಲ್ಲಿ ಗ್ರಿಜ್ಲಿಗೆ ದಿನವಿಡೀ ತಿನ್ನುವುದೊಂದೇ ಕೆಲಸ.

2018ರ ಸೆಪ್ಟೆಂಬರಿನಲ್ಲಿ ವಯೋಮಿಂಗ್‌ನ ಟೀಟನ್ ಕಾಡಿನಲ್ಲಿ ನಡೆದದ್ದು ಹೀಗೆಯೇ. ಹಿಂದಿನ ದಿನ ಬಾಣ ಬಿದ್ದಿದ್ದ ಎಲ್ಕನ್ನು ಮಾರನೆಯ ದಿನ ಹುಡುಕಿ ಗೈಡ್ ಮತ್ತು ಅವನ ಗಿರಾಕಿ ಕೊಯ್ಯುತ್ತಿದ್ದರು. ಗೈಡ್‌ನ ಪಿಸ್ತೂಲು ಬ್ಯಾಗುಗಳ ಹತ್ತಿರ, ಕೆಲವೇ ಗಜ ಆಚೆಗಿತ್ತು. ಗ್ರಿಜ್ಲಿ ಗೈಡ್‌ನ ಮೇಲೆ ಬಿತ್ತು. ಗಿರಾಕಿಗೆ ಪಿಸ್ತೂಲು ಸಿಕ್ಕಿತು, ಆದರೆ ಮನುಷ್ಯನನ್ನು ಬಿಟ್ಟು ಕರಡಿಗೆ ಮಾತ್ರ ತಾಗುವಂತೆ ಹೊಡೆಯಲು ಎಡೆ ಸಿಗಲಿಲ್ಲ. ಗೈಡ್‌ನತ್ತ ಎಸೆದ, ಅದು ಅವನಿಗೆ ತಲುಪಲಿಲ್ಲ. ಗೈಡ್ ಸೊಂಟದಲ್ಲಿದ್ದ ಸ್ಪ್ರೇ ಹೊಡೆದಿದ್ದ, ಆದರೂ ಉಳಿಯಲಿಲ್ಲ. ಸ್ಪ್ರೇ ಮಂತ್ರದಂಡವಲ್ಲ ಎಂದು ಇದರಿಂದ ಯಾರಾದರೂ ವಾದಿಸಿದರೆ ತಲೆಬಾಗುತ್ತೇನೆ. ಆದರೆ ನನಗೆ ಇದರಲ್ಲಿ ಕಾಣುವುದು ರಾತ್ರಿಯಿಡೀ ಕಾಡಿನಲ್ಲಿ ಬಿದ್ದಿದ್ದ ಆ ಎಲ್ಕ್. ನಾವು ಜಗಳವಾಡುವುದೆಲ್ಲ ಕೊನೆಯ ಎರಡು ಸೆಕೆಂಡಿನ ಬಗ್ಗೆ. ಅದಕ್ಕೆ ಹಿಂದಿನ ಹನ್ನೆರಡು ಗಂಟೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಯಾಕೆಂದರೆ ಅದರಲ್ಲಿ ಕೊಳ್ಳುವ ಸಾಮಾನು ಏನೂ ಇಲ್ಲ.

ಇದೇ ನನ್ನ ಸಂಕಟ. ಕಾಡಿಗೆ ಹೋಗುವುದೆಂದರೆ ಏನೇನು ಕೊಳ್ಳಬೇಕು ಎಂದು ಕೇಳುವವರೇ ಈಗ ಎಲ್ಲ ಕಡೆ. ಬೆಂಗಳೂರಿನಿಂದ ಹತ್ತಿಪ್ಪತ್ತು ಸಾವಿರದ ಬೂಟು ಹಾಕಿಕೊಂಡು ಹೊರಟವರಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿ ನೋಡಿ. ನಮ್ಮ ಬಳ್ಳಾರಿ, ಕೊಪ್ಪಳ, ವಿಜಯನಗರದ ಕಲ್ಲುಗುಡ್ಡಗಳಲ್ಲಿ ಕುರಿ ಕಾಯುವವರು ಕೈಯಲ್ಲೊಂದು ಕೋಲು ಹಿಡಿದು, ಕೂಗು ಹಾಕುತ್ತ, ಕೆಮ್ಮುತ್ತ ನಸುಕಿನಲ್ಲಿ ನಡೆಯುತ್ತಾರೆ. ಸೀತಾಫಲ ಹಣ್ಣಾಗುವ ಹೊತ್ತಿಗೆ ಯಾವ ಗುಡ್ಡದ ಕಡೆ ಹೋಗಬಾರದು ಎಂದು ಅವರಿಗೆ ಗೊತ್ತು. ನಮ್ಮ ಕರಡಿ ಗ್ರಿಜ್ಲಿಯಷ್ಟು ದೊಡ್ಡದಲ್ಲ, ಆದರೆ ಬೆಚ್ಚಿಬಿದ್ದರೆ ಮುಖಕ್ಕೇ ಬಾಯಿ ಹಾಕುತ್ತದೆ. 1994ರಲ್ಲಿ ದರೋಜಿ, 2013ರಲ್ಲಿ ಗುಡೇಕೋಟೆ ಕರಡಿಧಾಮವಾದವು, ಒಳ್ಳೆಯದೇ. ಆದರೆ ಕರಡಿ ಊರೊಳಗೆ ಬಂತೆಂದರೆ ನೂರಾರು ಜನ ಮೊಬೈಲು ಹಿಡಿದು ಅಟ್ಟುತ್ತಾರೆ. ಅದು ತಿರುಗಿ ಬಿದ್ದಾಗ ‘ಕರಡಿ ಅಟ್ಟಹಾಸ’ ಎಂದು ಮಾರನೆಯ ದಿನ ತಲೆಬರಹ. ಪತ್ರಿಕೆಯವನಾಗಿ ಇದನ್ನು ಓದುವಾಗ ನನ್ನ ಹೊಟ್ಟೆ ಉರಿಯುತ್ತದೆ. ಆ ಕುರಿಗಾಹಿಗಳನ್ನು ಕೂರಿಸಿಕೊಂಡು ನಾಲ್ಕು ಮಾತು ಕೇಳಿ ಬರೆದ ವರದಿ ಎಷ್ಟು ಅಪರೂಪ!

ಇನ್ನು ನಿಮ್ಮ ನಾಚಿಕೆ. ಕೊಡವರ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವ ಮನೆ ನಿಮ್ಮದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಜನ ನೀವು. ಕೋವಿಗೆ ಅಷ್ಟು ಗೌರವ ಕೊಟ್ಟವರಿಗೆ ಅದರ ಮಿತಿಯೂ ಗೊತ್ತಿರಬೇಕಲ್ಲವೇ? ಖಾರದ ಡಬ್ಬಿ ಎಂದು ನೀವು ಕರೆದದ್ದು ಮೊಂಟಾನಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಕರಡಿಗಳ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡ ಸಾಧನ. ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಎಲ್ಕ್ ಬೇಟೆಗೆ ಅನುಮತಿ ಪಡೆದವರು ಅದನ್ನು ಕಡ್ಡಾಯವಾಗಿ ಒಯ್ಯಬೇಕು. ಹೆಗಲಲ್ಲಿ ರೈಫಲ್ ಇರುವವರಿಗೇ ಈ ನಿಯಮ. ಇದರಲ್ಲಿ ತಲೆ ತಗ್ಗಿಸುವಂಥದ್ದೇನಿದೆ?

ಗ್ರಿಜ್ಲಿಗೆ ಅಲ್ಲಿ 1975ರಿಂದ ಫೆಡರಲ್ ರಕ್ಷಣೆಯಿದೆ ಎಂಬುದನ್ನೂ ನೆನಪಿಡಿ. ಪ್ರಾಣಕ್ಕೆ ಬಂದಾಗ ಕೊಂದರೆ ಮಾತ್ರ ಕ್ಷಮೆ, ಅದೂ ವರದಿ ಕೊಟ್ಟು ತನಿಖೆ ಮುಗಿದ ಮೇಲೆ. ಮಾಂಸ ಉಳಿಸಿಕೊಳ್ಳಲು ಕೊಂದೆ ಎಂದರೆ ನಡೆಯುವುದಿಲ್ಲ. ಸ್ಪ್ರೇ ತಿಂದ ಕರಡಿ ಕಣ್ಣು ಮೂಗು ಉರಿದು ಓಡಿಹೋಗುತ್ತದೆ, ಬದುಕುತ್ತದೆ, ಮನುಷ್ಯನ ಹತ್ತಿರ ಹೋಗಬಾರದೆಂದು ಕಲಿತರೂ ಕಲಿಯಬಹುದು.

ಹಾಗಾದರೆ ನೀವು ಮಾಡಬೇಕಾದ್ದು ಇಷ್ಟು. ಬೇರ್ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಲಗೇಜಿನಲ್ಲೂ ಇಲ್ಲ. ಮೊಂಟಾನಾದಲ್ಲಿ ಇಳಿದ ಮೇಲೆಯೇ ಕೊಳ್ಳಿ. ಡಬ್ಬಿಯ ಮೇಲೆ ಅವಧಿ ಮುಗಿಯುವ ದಿನಾಂಕ ನೋಡಿ. ಖಾರವಿಲ್ಲದ ಅಭ್ಯಾಸದ ಡಬ್ಬಿಯೂ ಸಿಗುತ್ತದೆ, ಅದನ್ನೊಂದು ತೆಗೆದುಕೊಳ್ಳಿ. ಕೈಗವಸು ಹಾಕಿಕೊಂಡು, ಹೆಬ್ಬೆರಳಿನಿಂದ ಹಿಂಬದಿಯ ಸೇಫ್ಟಿ ಕ್ಲಿಪ್ಪನ್ನು ಎಳೆದು ತೆಗೆದು, ಎಂಟು ಮೀಟರ್ ಆಚೆಗೆ, ತುಸು ಕೆಳಮುಖವಾಗಿ, ಕರಡಿಗೂ ನಿಮಗೂ ನಡುವೆ ಮೋಡದ ಗೋಡೆ ಏಳುವಂತೆ ಹೊಡೆಯುವುದನ್ನು ಕೈಗೆ ಅಭ್ಯಾಸವಾಗುವ ತನಕ ಮಾಡಿ. ಡಬ್ಬಿ ಸೊಂಟದಲ್ಲೋ ಎದೆಯ ಪಟ್ಟಿಯಲ್ಲೋ ಇರಲಿ, ಬ್ಯಾಗಿನೊಳಗೆ ಬೇಡ. ಎಲ್ಕ್ ಬಿದ್ದರೆ ಒಬ್ಬರು ಕೊಯ್ಯಿರಿ, ಇನ್ನೊಬ್ಬರು ಕತ್ತಿ ಮುಟ್ಟದೆ ಸುತ್ತ ನೋಡುತ್ತ ನಿಲ್ಲಲಿ. ಮಾಂಸವನ್ನು ಕರುಳಿನ ರಾಶಿಯಿಂದ ದೂರ, ಬಯಲಿನಲ್ಲಿ, ದೂರದಿಂದಲೇ ಕಾಣುವ ಕಡೆ ಎತ್ತರಕ್ಕೆ ಕಟ್ಟಿ. ಉಳಿದದ್ದಕ್ಕೆ ಮರಳಿ ಬರುವಾಗ ಜೋರಾಗಿ ಮಾತಾಡುತ್ತ ಬನ್ನಿ. ಅಷ್ಟರಲ್ಲಿ ಕರಡಿ ಅದರ ಮೇಲೆ ಮಣ್ಣು ಎಳೆದು ಕೂತಿದ್ದರೆ ಆ ಮಾಂಸ ಅದರದ್ದು, ಹಿಂದಕ್ಕೆ ಸರಿಯಿರಿ. ಇಷ್ಟೆಲ್ಲ ಕಲಿತ ಮೇಲೂ ಪಿಸ್ತೂಲು ಬೇಕೇ ಬೇಕು ಎನಿಸಿದರೆ, ಲೈಸೆನ್ಸ್ ಇದ್ದರೆ, ವರ್ಷಗಟ್ಟಲೆ ಶೂಟಿಂಗ್ ರೇಂಜಿನಲ್ಲಿ ಬೆವರು ಸುರಿಸಿದ್ದರೆ ಒಯ್ಯಿರಿ, ನನ್ನ ತಕರಾರಿಲ್ಲ. ಈ ಅಕ್ಟೋಬರಿಗೆ ಮಾತ್ರ ಬೇಡ, ನಿಮಗೆ ಅಷ್ಟು ಸಮಯವಿಲ್ಲ.

— ಸಂ.