ಅಂಗಿ ಜೇಬಿನ ಚಾಕೊಲೇಟ್ ಕಾಗದ

ಜಗಳ ಹತ್ತಿದ್ದು ಒಂದು ಚಾಕೊಲೇಟ್ ಕಾಗದಕ್ಕೆ. ಒಗೆಯಲು ಹಾಕುವ ಮುನ್ನ ಗಂಡನ ಅಂಗಿ ಜೇಬು ತಡವಿದಾಗ ಸಿಕ್ಕಿತಂತೆ. ಮಡಿಚಿ ಮಡಿಚಿ ಉಗುರಿನಷ್ಟು ಚೌಕ ಮಾಡಿ ಇಟ್ಟಿದ್ದರು. "ತಿಂದಿದ್ದಕ್ಕಲ್ಲ ಮೇಡಂ, ಹಾಗೆ ಮಡಿಚಿಟ್ಟಿದ್ದು ನೋಡಿ ಹೊಟ್ಟೆ ಉರೀತು" ಅಂದರು ಆಕೆ. ಪಕ್ಕದಲ್ಲಿ ಕೂತಿದ್ದ ಗಂಡ ತಲೆ ಎತ್ತಲಿಲ್ಲ. 44 ವರ್ಷ, ಲೆಕ್ಕಪತ್ರದ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. (ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಅದಕ್ಕೂ ಮೂರು ವಾರ ಮೊದಲು ಗಂಡ ಒಬ್ಬರೇ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಹೇಳಿಕೊಂಡಿದ್ದು ನಿದ್ದೆ ಬರಲ್ಲ ಅಂತ. ಮಾತು ಬಿಡಿಸುತ್ತ ಹೋದಾಗ ಲ್ಯಾಬ್ ರಿಪೋರ್ಟ್ ಹೊರಗೆ ಬಂತು. ಖಾಲಿ ಹೊಟ್ಟೆಯ ಶುಗರ್ 112, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.1. ಖಾಲಿ ಹೊಟ್ಟೆಯದು 100ರಿಂದ 125ರೊಳಗೆ, ಎಚ್‌ಬಿಎ1ಸಿ 5.7ರಿಂದ 6.4ರೊಳಗೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲ ಹತ್ತಿರ ಇದೆ ಎಂದು ಅರ್ಥ. ಡಾಕ್ಟರೂ ಅದನ್ನೇ ಹೇಳಿ, ತೂಕ ಇಳಿಸಿ, ಓಡಾಡಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದರು. ಇವರ ಕಿವಿಗೆ ಅದು ಬಿದ್ದಿರಲಿಲ್ಲ. ತಂದೆಗೆ ಇದೇ ಕಾಯಿಲೆಯಲ್ಲಿ ಕಾಲು ತೆಗೆದಿದ್ದರು. "ನಮ್ಮ ರಕ್ತದಲ್ಲೇ ಇದೆ, ಇವತ್ತಲ್ಲ ನಾಳೆ ನನಗೂ ಅಷ್ಟೇ" ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ಮೀಟರ್ ಕೊಂಡು ದಿನಕ್ಕೆ ಆರು ಸಲ ಬೆರಳು ಚುಚ್ಚಿಕೊಳ್ಳುವುದು. ಎಡಗೈ ಬೆರಳ ತುದಿಗಳು ಚುಕ್ಕೆ ಚುಕ್ಕೆಯಾಗಿದ್ದವು.

ಆವತ್ತು ನಾನು ಮಾಡಿದ್ದು ತಪ್ಪು. ಹನ್ನೆರಡು ಸಲಹೆ ಬರೆದು ಕೈಗೆ ಕೊಟ್ಟೆ. ಹೆದರಿದ ಮನುಷ್ಯನಿಗೆ ಪಟ್ಟಿ ಕೊಟ್ಟರೆ ಹನ್ನೆರಡನ್ನೂ ಅದೇ ರಾತ್ರಿಯಿಂದ ಶುರು ಮಾಡುತ್ತಾನೆ ಅನ್ನುವುದು ನನಗೆ ಹೊಳೆಯಬೇಕಿತ್ತು. ಎಷ್ಟೋ ದಿನ ರಾತ್ರಿಯೂಟ ಬಿಟ್ಟರು, ದಿನಕ್ಕೆ ಹತ್ತು ಕಿಲೋಮೀಟರ್ ನಡೆದರು, ಐದನೇ ದಿನ ಮಂಡಿ ಊದಿಕೊಂಡಿತು. ನಡುರಾತ್ರಿ ಹಸಿವು ತಡೆಯಲಾರದೆ ಫ್ರಿಜ್ ಬಾಗಿಲು ತೆಗೆದು, ಅದರ ಬೆಳಕಲ್ಲೇ ನಿಂತು ಮಗಳ ಚಾಕೊಲೇಟ್ ತಿಂದರು. ಹೆಂಡತಿ ಅಷ್ಟರಲ್ಲಾಗಲೇ ಸಕ್ಕರೆ ಡಬ್ಬಿಗೆ ಬೀಗ ಹಾಕುವ ಮಾತಾಡುತ್ತಿದ್ದರು. ಕಾಗದ ಜೇಬು ಸೇರಿದ್ದು ಹೀಗೆ.

ಹಾಗಾಗಿ ಎರಡನೇ ಭೇಟಿಯಲ್ಲಿ ಮೊದಲು ಆ ಪಟ್ಟಿಯನ್ನು ವಾಪಸ್ ಇಸಿದುಕೊಂಡೆ.

ಹಣೆಬರಹದ ಮಾತನ್ನು ಬಿಡಿಸದೆ ಮುಂದೆ ಹೋಗುವ ಹಾಗಿರಲಿಲ್ಲ. ಅವರು ಲೆಕ್ಕದ ಮನುಷ್ಯ, ಲೆಕ್ಕವನ್ನೇ ಮುಂದಿಟ್ಟೆ. ಅಮೆರಿಕದಲ್ಲಿ ಇವರಂತೆಯೇ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ತೂಕದಲ್ಲಿ 7% ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಈ ಎರಡನ್ನು ಗುರಿಯಾಗಿಟ್ಟುಕೊಂಡವರಲ್ಲಿ, ಏನೂ ವಿಶೇಷ ಮಾಡದ ಗುಂಪಿಗಿಂತ ಕಾಯಿಲೆ ಬರುವುದು 58% ಕಡಿಮೆಯಾಯಿತು. ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 31%. ಅಧ್ಯಯನದಲ್ಲಿದ್ದ ಬಹಳ ಜನರ ಮನೆತನದಲ್ಲಿ ಕಾಯಿಲೆ ಇತ್ತು. "ನೀವು 84 ಕಿಲೋ, ಅದರಲ್ಲಿ 7% ಎಷ್ಟು?" ಅಂದೆ. "ಆರು ಕಿಲೋ ಹತ್ತಿರ" ಅಂದರು. ಆ ಹೊತ್ತಿಗೆ ಮೊದಲ ಸಲ ಮುಖ ಮೇಲೆ ಬಂತು. ಇಪ್ಪತ್ತು ಕಿಲೋ ಇಳಿಸಬೇಕು ಅಂದುಕೊಂಡಿದ್ದರಂತೆ.

ಆಮೇಲೆ ಒಂದು ಹಾಳೆ ಕೊಟ್ಟು, ನಿನ್ನೆ ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡಿದಿರಿ ಬರೆಯಿರಿ ಅಂದೆ. ತಿಂದದ್ದು ಮಾತ್ರವಲ್ಲ, ಕೂತದ್ದು, ಎದ್ದದ್ದು ಎಲ್ಲ. ಬೆಳಿಗ್ಗೆ ಏನೂ ತಿಂದಿಲ್ಲ. ಐದು ಕಪ್ ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಹಿಡಿದರೂ ಟೀಯಲ್ಲೇ 40 ಗ್ರಾಂ. ರಾತ್ರಿಯೂಟ ಹತ್ತೂವರೆಗೆ, ಉಂಡ ಕೂಡಲೇ ಸೋಫಾ, ಮೊಬೈಲ್ ಕೆಳಗಿಟ್ಟದ್ದು ಒಂದೂವರೆಗೆ. ಹೆಂಡತಿ ಹಾಳೆ ಓದಿ, "ಸಿಹಿ ತಿಂಡಿ ಎಲ್ಲೂ ಇಲ್ಲವಲ್ಲ" ಅಂದರು. ಅವರು ಮೂರು ವಾರದಿಂದ ಕಾವಲು ಕೂತಿದ್ದು ಆ ಸಿಹಿಗೇ.

ಕೊಟ್ಟ ಸಲಹೆ ಈ ಸಲ ತೀರಾ ಚಿಕ್ಕದು. ರಾತ್ರಿಯೂಟ ಬಿಡಬೇಡಿ, ಎಂಟೂವರೆಯೊಳಗೆ ಮುಗಿಸಿ. ಊಟದಿಂದ ಎದ್ದ ತಕ್ಷಣ ಕೂರದೆ ಹದಿನೈದು ನಿಮಿಷ ನಡೆಯಿರಿ. ಇದನ್ನೇ ಯಾಕೆ ಆರಿಸಿದೆ ಎಂದರೆ, ಉಂಡದ್ದು ಸಕ್ಕರೆಯಾಗಿ ರಕ್ತಕ್ಕೆ ಇಳಿಯುವ ಹೊತ್ತಿನಲ್ಲೇ ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡಿದರೆ ಅವು ಆ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ. ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಲು ದೇಹಕ್ಕೆ ಅಪ್ಪಣೆ ಕೊಡುವ ಹಾರ್ಮೋನು ಇನ್ಸುಲಿನ್, ಅಂಚಿನಲ್ಲಿರುವವರ ದೇಹ ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ದುಡಿಯುತ್ತಿರುವ ಸ್ನಾಯುವಿಗೆ ಅದರ ಅಪ್ಪಣೆ ಅಷ್ಟಾಗಿ ಬೇಕಿಲ್ಲ. ಮಂಡಿನೋವಿನವರಿಗೆ ಹತ್ತು ಕಿಲೋಮೀಟರಿಗಿಂತ ಈ ಹದಿನೈದು ನಿಮಿಷ ವಾಸಿ. ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಏಳುವುದು, ಟೀಗೆ ವಾರಕ್ಕಿಷ್ಟು ಎಂದು ಸಕ್ಕರೆ ಇಳಿಸುವುದು, ಅರ್ಧ ತಟ್ಟೆ ತರಕಾರಿ, ಇವನ್ನೆಲ್ಲ ಒಂದೊಂದಾಗಿ ಹದಿನೈದು ದಿನಕ್ಕೊಂದು ಸೇರಿಸಿದೆವು. ಚಾಕೊಲೇಟ್ ಬೇಕೆನಿಸಿದರೆ ಊಟದ ಜೊತೆಗೆ, ಎಲ್ಲರ ಎದುರು, ಒಂದು ತುಂಡು.

ಬೆರಳು ಚುಚ್ಚುವುದರ ಬಗ್ಗೆ ಡಾಕ್ಟರನ್ನೇ ಕೇಳಲು ಹೇಳಿದೆ. ಈ ಹಂತದಲ್ಲಿ ಅಗತ್ಯವಿಲ್ಲ ಅಂದರಂತೆ. ಮಾತ್ರೆ ಬೇಕೋ ಬೇಡವೋ ಅನ್ನುವುದೂ ಅವರ ತೀರ್ಮಾನ, ನನ್ನದಲ್ಲ. ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮೂರು ತಿಂಗಳು ಕಾಯದೆ ಹೋಗಬೇಕು ಎಂದು ಇಬ್ಬರಿಗೂ ಹೇಳಿದ್ದೆ.

ಹೆಂಡತಿಗೆ ಹೇಳಿದ್ದು ಬೇರೆ. ಜೇಬು ನೋಡಬೇಡಿ, ಚಮಚ ಎಣಿಸಬೇಡಿ. "ಮತ್ತೆ ನಾನೇನು ಮಾಡಲಿ, ಸುಮ್ಮನೆ ಕೂರಲಾ?" ಅಂತ ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ಮಾವನ ಕಾಲಿನ ಗಾಯಕ್ಕೆ ಎರಡು ವರ್ಷ ಬಟ್ಟೆ ಕಟ್ಟಿದವರು ಅವರೇ ಅನ್ನುವುದು ಆಗ ಗೊತ್ತಾಯಿತು. ಅಷ್ಟು ಹೊತ್ತೂ ಹೆದರಿಕೆ ಗಂಡನೊಬ್ಬನದೇ ಅಂದುಕೊಂಡು ನಾನು ಮಾತಾಡುತ್ತಿದ್ದೆ. ಉಳಿದ ಇಪ್ಪತ್ತು ನಿಮಿಷ ಅವರಿಗೇ ಹೋಯಿತು, ಗಂಡ ಸುಮ್ಮನೆ ಕೇಳಿದರು. ಕೊನೆಗೆ ಆದ ಒಪ್ಪಂದ ಇಷ್ಟು: ರಾತ್ರಿ ನಡಿಗೆಗೆ ಇಬ್ಬರೂ ಒಟ್ಟಿಗೆ ಹೋಗುವುದು, ಆ ಹದಿನೈದು ನಿಮಿಷದಲ್ಲಿ ಶುಗರ್ ಮಾತು ತೆಗೆಯದಿರುವುದು.

ಲೆಕ್ಕ ಮುಗಿಸುವ ತಿಂಗಳಲ್ಲಿ ಎಲ್ಲ ತಪ್ಪಿತು. ಎರಡು ವಾರ ಊಟ ಮತ್ತೆ ಹತ್ತೂವರೆಗೆ ಹೋಯಿತು, ನಡಿಗೆ ನಿಂತಿತು. ಈ ಸಲ ಯಾರೂ ಕೇಳುವ ಮೊದಲೇ ಫೋನ್ ಮಾಡಿ ಹೇಳಿದರು. ಹೊಸ ಸಲಹೆ ಏನೂ ಕೊಡಲಿಲ್ಲ. ಇವತ್ತು ರಾತ್ರಿಯಿಂದ ಮತ್ತೆ ಹದಿನೈದು ನಿಮಿಷ ಅಂದೆ.

ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 5.8, ತೂಕ 80. ಇನ್ನೂ ಅಂಚಿನ ಒಳಗೇ ಇದ್ದಾರೆ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ನಿದ್ದೆ ಮಾತ್ರ ದಾರಿಗೆ ಬಂದಿಲ್ಲ, ಮೊಬೈಲ್ ಹನ್ನೆರಡೂವರೆಯವರೆಗೂ ಕೈಯಲ್ಲೇ ಇರುತ್ತದೆ. ನಿದ್ದೆಗೆಟ್ಟರೆ ಇನ್ಸುಲಿನ್ ಕೆಲಸವೂ ಕೆಡುತ್ತದೆ. ಮುಂದಿನ ಭೇಟಿ ಅದಕ್ಕೆಂದೇ ಇಟ್ಟುಕೊಂಡಿದ್ದೇವೆ.